ಕೈಯಿಂದ ಕೈಗೆ ಉಪ್ಪು

ನಾವು ನ್ಯೂಜಿಲೆಂಡಿನ ಅಪ್ಪರ್ ಹಟ್‌ಗೆ ಬಂದ ಮೊದಲ ವಾರವೇ ಪಕ್ಕದ ಮನೆಯ ಆಂಟಿ ಬೇಲಿ ಆಚೆಯಿಂದ ಒಂದು ಕಪ್ ಚಾಚಿ, ಸ್ವಲ್ಪ ಉಪ್ಪು ಇದ್ದರೆ ಕೊಡು ಅಂದಿದ್ದರು. ನಾನು ಕಪ್ ತುಂಬಿ ತಂದೆ, ಆದರೆ ಅವರ ಕೈಗೆ ಕೊಡಲಿಲ್ಲ. ಬೇಲಿ ಕಂಬದ ಮೇಲಿಟ್ಟು, ತಗೊಳ್ಳಿ ಅಂದೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಬರುತ್ತೆ ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು. ಮೈಸೂರಿನ ನಮ್ಮ ಮನೆಯಲ್ಲಿ ಉಪ್ಪು ಕೇಳಿದವರಿಗೆ ತಟ್ಟೆಯ ಅಂಚಿಗೆ ಬಡಿಸುತ್ತಿದ್ದರೇ ಹೊರತು ಅಂಗೈಗೆ ಯಾವತ್ತೂ ಹಾಕಿದ್ದಿಲ್ಲ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ರಸ್ತೆ ಮೇಲೆ ಗುಡ್ಡ ಕುಸಿಯದ ಹಾಗೆ ಗೋಡೆ ಕಟ್ಟಿಸೋದು ನನ್ನ ಕೆಲಸ. ಲೆಕ್ಕಾಚಾರ ಇಲ್ಲದ ಮಾತು ಯಾರಾದರೂ ಆಡಿದರೆ ಮೀಟಿಂಗಿನಲ್ಲೇ ಝಾಡಿಸಿಬಿಡುತ್ತೇನೆ. ಆದರೆ ಈ ಉಪ್ಪಿನ ವಿಷಯದಲ್ಲಿ ಮಾತ್ರ ನನ್ನ ಕೈ ನನ್ನ ಮಾತು ಕೇಳಲ್ಲ.

ಆಂಟಿ ಕಾರಣ ಕೇಳಿ ತಿಳಿದುಕೊಂಡು ಜೋರಾಗಿ ನಕ್ಕರು. ಅಲ್ಲಿಂದ ಹದಿನಾಲ್ಕು ವರ್ಷ, ಉಪ್ಪು ಬೇಕಾದಾಗಲೆಲ್ಲ ಅವರೇ ಕಪ್ಪನ್ನು ಕಂಬದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು ತುಂಬಿಸಿ ಹಿಂದೆ ಸರಿದ ಮೇಲೆ ಬಂದು ತಗೊಳ್ಳುತ್ತಿದ್ದರು. ಶರತ್ಕಾಲದಲ್ಲಿ ಅದೇ ಕಂಬದ ಮೇಲೆ ಅವರ ಮರದ, ಸೀಬೆಯ ಹಾಗಿರುವ ಫೀಜೋವಾ ಹಣ್ಣಿನ ಬುಟ್ಟಿ ಬಂದು ಕೂರುತ್ತಿತ್ತು. ಹಣ್ಣನ್ನು ಕೈಗೆ ಕೊಡಬಹುದು ಆಂಟಿ ಅಂದರೂ ಕೇಳುತ್ತಿರಲಿಲ್ಲ. ನಿಮ್ಮಮ್ಮನ ರೂಲು ಎಲ್ಲೆಲ್ಲಿಗೆ ಅಪ್ಲೈ ಆಗುತ್ತೋ ನನಗೇನು ಗೊತ್ತು ಅಂತ ರೇಗಿಸುತ್ತಿದ್ದರು.

ಆಂಟಿ ಹುಟ್ಟಿದ್ದು ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ, ಅದರ ದಕ್ಷಿಣದ ದಡದಲ್ಲಿ. ದೋಣಿಯಲ್ಲದೆ ಬೇರೆ ದಾರಿಯಿಲ್ಲದ ಒಂದು ಸಣ್ಣ ಊರು. ಇಪ್ಪತ್ತನೇ ವಯಸ್ಸಿಗೆ ಇಲ್ಲಿನ ಆಸ್ಪತ್ರೆಯೊಂದರ ಅಡುಗೆಮನೆ ಕೆಲಸಕ್ಕೆ ಹಡಗು ಹತ್ತಿ ಬಂದರಂತೆ. ಎರಡು ವರ್ಷಕ್ಕೆ ವಾಪಸ್ಸು ಬರುತ್ತೇನೆ ಅಂತ ಅಮ್ಮನಿಗೂ ತಂಗಿಗೂ ಮಾತು ಕೊಟ್ಟಿದ್ದರು. ಇಲ್ಲೇ ಮದುವೆಯಾಯಿತು, ಮಕ್ಕಳಾದವು. ಅಮ್ಮ ಹಾಸಿಗೆ ಹಿಡಿದಾಗ ಆಂಟಿ ಎರಡನೆಯ ಬಸುರಿ, ಹೋಗಲಾಗಲಿಲ್ಲ. ಅಮ್ಮ ಹೋದ ಮೇಲೆ ತಂಗಿ ಮಾತು ಬಿಟ್ಟಳು. ಬರೆದ ಕಾಗದಕ್ಕೆ ಉತ್ತರವಿಲ್ಲ. ಊರಿಗೆ ಫೋನ್ ಬಂದ ಮೇಲೆ ಮಾಡಿದರೆ, ಇವರ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತಿದ್ದಳಂತೆ. ಹೀಗೆ ಐವತ್ತು ವರ್ಷ.

ಕಳೆದ ವರ್ಷ ಆಂಟಿಯ ಕಣ್ಣು ತೀರಾ ಮಂಜಾಯಿತು. ಮಗ ಮನೆ ಮಾರಿ ಅವರನ್ನು ವೃದ್ಧರ ರೆಸ್ಟ್ ಹೋಮಿಗೆ ಸೇರಿಸುವುದು ಅಂತ ತೀರ್ಮಾನವಾಯಿತು. ಅದೇ ಹೊತ್ತಿಗೆ ನಾವಿಬ್ಬರೂ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಗ್ರೀಸಿಗೆ ಹೋಗುವ ಯೋಚನೆಯಲ್ಲಿದ್ದೆವು. ನಮ್ಮನೆಯವರು ನೀಲಿ ಗುಮ್ಮಟ, ಬಿಳಿ ಗೋಡೆಯ ಹೆಸರುವಾಸಿ ದ್ವೀಪವೊಂದನ್ನು ಆರಿಸಿ, ಎಲ್ಲಿ ನಿಂತು ಫೋಟೋ ತೆಗೆಯಬೇಕು ಅಂತ ಕೂಡ ಗುರುತು ಹಾಕಿಕೊಂಡಿದ್ದರು. ಇದನ್ನು ಆಂಟಿಗೆ ಹೇಳಿದ್ದೇ ತಪ್ಪಾಯಿತೋ ಸರಿಯಾಯಿತೋ, ಮಾರನೇ ದಿನ ಕಂಬದ ಮೇಲೆ ಒಂದು ಬಾಟಲಿ ಫೀಜೋವಾ ಜಾಮ್ ಇತ್ತು. ಪಕ್ಕದಲ್ಲಿ ಆಂಟಿ ನಿಂತಿದ್ದರು.

"ಇದನ್ನ ನನ್ನ ತಂಗಿಗೆ ಕೊಡು" ಅಂದರು. "ಅವಳು ಬದುಕಿದ್ದಾಳೆ, ಅಷ್ಟು ಗೊತ್ತು. ನನ್ನ ಹತ್ರ ಒಂದು ಮಾತು ಆಡ್ತಾಳಾ ಕೇಳ್ಕೊಂಡು ಬಾ. ನಾನು ಆ ಹೋಮಿಗೆ ಹೋಗೋ ಮುಂಚೆ ಗೊತ್ತಾಗ್ಬೇಕು. ಇಲ್ಲ ಅಂದ್ರೆ ಇಲ್ಲ ಅಂತಾನೇ ಹೇಳು, ಸುಳ್ಳು ಹೇಳಬೇಡ."

ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಮನೆಯೊಳಗೆ ಬಂದು ಹೇಳಿದರೆ ನಮ್ಮನೆಯವರ ಮುಖ ಊದಿಕೊಂಡಿತು. "ಅಲ್ಲಾ ಕಣೇ, ಅಷ್ಟು ದೂರ ಹೋಗಿ ಪಕ್ಕದ ಮನೆಯವರ ಜಗಳ ಬಿಡಿಸೋದಾ?" ಅಂದರು. ನಿಮ್ಮ ಜೊತೆ ಇಪ್ಪತ್ತೈದು ವರ್ಷ ಜಗಳ ಆಡಿ ಅನುಭವ ಬಂದಿದೆ ರೀ ಅಂದೆ. ಟಿಕೆಟ್ ಬದಲಾಯಿತು.

ಹೋಗುವುದೇ ಒಂದು ಸಾಹಸ. ಮೂರು ವಿಮಾನ, ಬೆಟ್ಟದ ಆ ಕಡೆಯಿಂದ ಈ ಕಡೆಗೆ ಇಳಿಯುವ ಒಂದು ಬಸ್ಸು, ಕೊನೆಗೆ ರಸ್ತೆ ಮುಗಿಯುವ ಜಾಗದಿಂದ ಒಂದು ದೋಣಿ. ದೋಣಿಯಲ್ಲಿ ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನೆಲ ನೋಡುತ್ತಾ ಕೂತರು. ನಾನು ಬೆಟ್ಟ ನೋಡುತ್ತಾ ಕೂತೆ. ಸುಣ್ಣದ ಕಲ್ಲಿನ ಆ ಬೆಟ್ಟ ಎಲ್ಲೂ ನಿಲ್ಲದೆ ನೇರ ಸಮುದ್ರಕ್ಕೆ ಇಳಿಯುತ್ತಿತ್ತು. ಇಲ್ಲಿ ರಸ್ತೆ ಮಾಡಬೇಕಾದರೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಬಂಡೆಗೆ ಬೋಲ್ಟ್ ಹೊಡೆಯಬೇಕು ಅಂತ ನನ್ನ ತಲೆ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡಿತ್ತು. ಒಂದು ಗಂಟೆಯ ದಾರಿಯಲ್ಲಿ ಕಂಡದ್ದು ಎರಡು ಮೇಕೆ ಹಿಂಡು, ಒಂದು ಸಣ್ಣ ಬಿಳಿ ಚರ್ಚು. ಅಷ್ಟೇ.

ಊರು ಅಂದರೆ ಮೂವತ್ತು ಮನೆ ಇದ್ದಿರಬಹುದು. ಕೂತರೆ ಚುಚ್ಚುವ ಸಣ್ಣ ಕಲ್ಲುಗಳ ದಡ, ಹತ್ತು ದೋಣಿ, ಎರಡು ಸಣ್ಣ ಹೋಟೆಲು. ಕಾರಿಲ್ಲ, ಸ್ಕೂಟರಿಲ್ಲ, ಹಾರ್ನ್ ಶಬ್ದವಿಲ್ಲ. ನಮಗೆ ರೂಮು ಕೊಟ್ಟ ಹೆಂಗಸು ಜರ್ಮನಿಯಲ್ಲಿ ಹೋಟೆಲ್ ಕೆಲಸ ಮಾಡಿಕೊಂಡಿದ್ದು ವಾಪಸ್ಸು ಬಂದವಳು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಸಂಜೆ ಅವಳ ಮಾಳಿಗೆ ಮೇಲೆ ಕೂತರೆ, ಅಲೆ ಬಂದು ಕಲ್ಲುಗಳನ್ನು ಎಳೆದುಕೊಂಡು ಹೋಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಸಮುದ್ರದ ಒಂದು ಫೋಟೋ ತೆಗೆದು ಮೈಸೂರಿನಲ್ಲಿರುವ ನನ್ನ ತಂಗಿಗೆ ಕಳಿಸಿದೆ. ಇಲ್ಲಿ ಎಂಥಾ ನೆಮ್ಮದಿ ನೋಡು, ನೀನೂ ಪುಣ್ಯವಂತೆ ಬಿಡು, ದಿನಾ ಅಮ್ಮನ ಜೊತೆ ಇರ್ತೀಯ ಅಂತ ಬರೆದೆ. ನಮ್ಮಮ್ಮ ಈಗ ನಾಲ್ಕು ವರ್ಷದಿಂದ ನಡೆಯುವುದಿಲ್ಲ. ತಂಗಿ ಎತ್ತಿದ ಹೆಬ್ಬೆರಳಿನ ಗುರುತೊಂದನ್ನು ಮಾತ್ರ ಕಳಿಸಿದಳು.

ಮಾರನೇ ಬೆಳಿಗ್ಗೆ ಆಂಟಿಯ ತಂಗಿಯನ್ನು ಹುಡುಕಿಕೊಂಡು ಹೋದೆ. ರೂಮಿನ ಹೆಂಗಸು ಮಾತು ತಿಳಿಸಿಕೊಡಲು ಜೊತೆಗೆ ಬಂದಳು. ಊರಾಚೆ ಸಮುದ್ರಕ್ಕೆ ಚಾಚಿದ ಬಂಡೆಗಳ ಮೇಲೆ ಕಪ್ಪು ಲಂಗದ ಒಬ್ಬ ಮುದುಕಿ ಕುಕ್ಕರಗಾಲಿನಲ್ಲಿ ಕೂತು ಚಮಚದಿಂದ ಏನನ್ನೋ ಕೆರೆಯುತ್ತಿದ್ದರು. ಬಂಡೆಯ ಗುಳಿಗಳಲ್ಲಿ ಅಲೆಯ ನೀರು ನಿಂತು, ಬಿಸಿಲಿಗೆ ಆರಿ, ತಳದಲ್ಲಿ ಉಪ್ಪು ಕಟ್ಟಿತ್ತು. ಅದನ್ನು ಕೆರೆದು ಒಂದು ತಗಡಿನ ಡಬ್ಬಕ್ಕೆ ತುಂಬುತ್ತಿದ್ದರು. ಮೂಗು, ಹುಬ್ಬು, ತಲೆ ಓರೆ ಮಾಡಿ ನೋಡುವ ರೀತಿ ಎಲ್ಲ ನಮ್ಮ ಆಂಟಿಯದೇ.

ನಿಮ್ಮಕ್ಕನ ಪಕ್ಕದ ಮನೆಯವಳು ನಾನು ಅಂತ ಹೇಳಿಸಿದೆ. ಅವರು ಚಮಚ ನಿಲ್ಲಿಸಲಿಲ್ಲ. ಜಾಮಿನ ಬಾಟಲಿಯನ್ನು ಬಂಡೆಯ ಮೇಲಿಟ್ಟು, ಅಕ್ಕ ತನ್ನ ಮರದ ಹಣ್ಣಿನಿಂದ ಮಾಡಿದ್ದು ಅಂದೆ. ಒಂದು ಸಲ ಅದರ ಕಡೆ ನೋಡಿ ಮತ್ತೆ ಕೆರೆದರು. ನನಗೆ ಮೌನ ಅಂದರೆ ಆಗಿಬರಲ್ಲ. ಏನಾದರೂ ಆಡಿ ತುಂಬಿಸಿಬಿಡಬೇಕು. "ನಿಮ್ಮ ಊರು ಎಷ್ಟು ಶಾಂತವಾಗಿದೆ. ಇಂಥ ಕಡೆ ಇರೋದಕ್ಕೆ ನೀವು ಅದೃಷ್ಟ ಮಾಡಿದ್ರಿ" ಅಂದೆ. ರೂಮಿನ ಹೆಂಗಸು ನನ್ನ ಮುಖ ನೋಡಿ, ಒಂದು ಕ್ಷಣ ತಡೆದು, ಆಮೇಲೆ ತಿಳಿಸಿದಳು. ಮುದುಕಿ ಚಮಚವನ್ನು ಡಬ್ಬದೊಳಗೆ ಹಾಕಿ, ಮುಚ್ಚಳ ಒತ್ತಿ, ಎರಡೂ ಮೊಣಕಾಲು ಹಿಡಿದುಕೊಂಡು ಎದ್ದು ಹೊರಟೇಹೋದರು. ಜಾಮ್ ಬಂಡೆಯ ಮೇಲೇ ಉಳಿಯಿತು.

ನನಗೆ ಸಿಟ್ಟು ಬಂತು. ಇಷ್ಟು ದೂರದಿಂದ ಬಂದವಳಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳುವ ಸೌಜನ್ಯ ಬೇಡವೇ? ಬಾಟಲಿ ಎತ್ತಿಕೊಂಡು ರೂಮಿಗೆ ಬಂದು ನಮ್ಮನೆಯವರ ಮುಂದೆ ಕೂಗಾಡಿದೆ. ಅವರು, ನಾಳಿದ್ದು ಬೆಳಿಗ್ಗೆ ನಾವು ಹೊರಡೋ ದೋಣಿ ಇದೆ, ಅಷ್ಟರಲ್ಲಿ ನಿನ್ನ ಕೋಪ ಇಳಿದರೆ ಇನ್ನೊಂದು ಸಲ ಹೋಗು ಅಂದರು. ಕೆಲವೊಮ್ಮೆ ಈ ಮನುಷ್ಯ ಸರಿಯಾದ ಮಾತು ಆಡಿಬಿಡುತ್ತಾರೆ, ಅದೇ ನನಗೆ ತಡೆಯೋಕಾಗಲ್ಲ.

ಮಾರನೇ ದಿನ ದೋಣಿ ಸಾಮಾನು ತಂತು. ಈರುಳ್ಳಿ ಮೂಟೆ, ಹಿಟ್ಟಿನ ಚೀಲ, ನೀರಿನ ಬಾಟಲಿ, ಗ್ಯಾಸ್ ಸಿಲಿಂಡರು. ಊರಿನವರು ಬಂದು ಅವರವರದ್ದನ್ನು ತಳ್ಳುಗಾಡಿಗೆ ಹಾಕಿಕೊಂಡು ಹೋಗುತ್ತಿದ್ದರು. ಆಂಟಿಯ ತಂಗಿಯೂ ಬಂದಿದ್ದರು. ಎಪ್ಪತ್ತೆಂಟು ವರ್ಷದ ಹೆಂಗಸು ಒಂದು ಸಿಲಿಂಡರನ್ನು ಗಾಡಿಗೆ ಹತ್ತಿಸಿಕೊಂಡು, ಕಲ್ಲಿನ ಮೆಟ್ಟಿಲಿನ ಬುಡದಲ್ಲಿ ನಿಂತು ಉಸಿರು ಬಿಡುತ್ತಿದ್ದರು. ಅವರ ಮನೆ ಎಲ್ಲಕ್ಕಿಂತ ಮೇಲೆ. ನಾನು ಏನೂ ಹೇಳದೆ ಗಾಡಿಯ ಹಿಂದೆ ಹೋಗಿ ತಳ್ಳಿದೆ. ನಮ್ಮನೆಯವರು ಮುಂದಿನಿಂದ ಎಳೆದರು. ಎಂಬತ್ತು ಮೆಟ್ಟಿಲು. ಮೇಲೆ ಮುಟ್ಟುವ ಹೊತ್ತಿಗೆ ನನಗೆ ಕಣ್ಣಿಗೆ ಕತ್ತಲೆ ಬಂದಿತ್ತು. ಮುದುಕಿ ಕುರ್ಚಿ ಎಳೆದು, ಕೂತ್ಕೋ ಅನ್ನುವ ಹಾಗೆ ಕೈ ಮಾಡಿದರು. ಕೆಳಗಿನಿಂದ ರೂಮಿನ ಹೆಂಗಸನ್ನು ಅವರೇ ಕೂಗಿ ಕರೆದರು.

ಕಾಫಿ ಕೊಟ್ಟು, ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ಮೇಜಿನ ಮೇಲಿಟ್ಟರು. ತುಂಬಾ ಕಾಗದಗಳು. ಆಂಟಿ ಐವತ್ತು ವರ್ಷದಲ್ಲಿ ಬರೆದದ್ದೆಲ್ಲ, ಒಂದೂ ಬಿಡದೆ. ಎಲ್ಲ ಒಡೆದು ಓದಿದ್ದವು, ಮಡಿಕೆಯಲ್ಲಿ ಹರಿದಿದ್ದವು. ಒಂದನ್ನು ತೆಗೆದು ರೂಮಿನ ಹೆಂಗಸಿನ ಕೈಗೆ ಕೊಟ್ಟು ಬೆರಳಿಟ್ಟು ತೋರಿಸಿದರು. "ನಿನ್ನದೇ ಅದೃಷ್ಟ. ನಿನಗೆ ನಮ್ಮ ಸಮುದ್ರ ಇದೆ, ಶಾಂತಿ ಇದೆ" ಅಂತ ಅವಳು ಓದಿದಳು. ಇನ್ನೊಂದು ಕೊಟ್ಟರು. ಅದರಲ್ಲೂ ಅದೇ. ಮೂರನೆಯದನ್ನು ಕೊಡುವ ಹೊತ್ತಿಗೆ ನಾನು ಸಾಕು ಅಂದೆ.

ಆಮೇಲೆ ಮುದುಕಿ ಮಾತಾಡಿದರು. ದನಿ ಏರಿಸದೆ, ಕಿಟಕಿಯ ಕಡೆ ನೋಡುತ್ತಾ. ಅಮ್ಮ ಏಳು ವರ್ಷ ಮಲಗಿದ್ದಳು. ಡಾಕ್ಟರು ದೋಣಿಯಾಚೆ ಇದ್ದ. ಈ ಮೆಟ್ಟಿಲಿನಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದೆ. ಚಳಿಗಾಲದಲ್ಲಿ ಸಮುದ್ರ ಕೆಟ್ಟರೆ ದೋಣಿ ವಾರಗಟ್ಟಲೆ ಬರಲ್ಲ. ಕೆಳಗಿನ ತನಕ ಹೊತ್ತುಕೊಂಡು ಹೋಗಿ, ದೋಣಿ ಇಲ್ಲ ಅಂತ ಮತ್ತೆ ಮೇಲೆ ಹೊತ್ತುಕೊಂಡು ಬಂದದ್ದೂ ಇದೆ. "ಬರಲಿಲ್ಲ ಅಂತ ನನಗೆ ಕೋಪ ಇಲ್ಲ" ಅಂದರು. "ಬಸುರಿ ಹೆಂಗಸು ಅಷ್ಟು ದೂರದಿಂದ ಹೇಗೆ ಬರ್ತಾಳೆ? ಆದರೆ ಶಾಂತಿ ಅಂತ ಬರೆದಳು. ಪ್ರತಿ ಕಾಗದದಲ್ಲೂ. ಒಂದರಲ್ಲೂ, ಒಂದೇ ಒಂದರಲ್ಲೂ, ನಿನ್ನ ಮೊಣಕಾಲು ಹೇಗಿದೆ ಅಂತ ಕೇಳಲಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಅವರ ಅಕ್ಕನ ಪರವಾಗಿ ಅಲ್ಲ. ನನ್ನ ಫೋನ್ ಬ್ಯಾಗಿನಲ್ಲಿತ್ತು, ಅದರಲ್ಲಿ ಮೊನ್ನೆ ಸಂಜೆ ನಾನು ಕಳಿಸಿದ ಫೋಟೋ ಇತ್ತು, ಅದರ ಕೆಳಗೆ ನನ್ನ ಪುಣ್ಯವಂತೆ ಅನ್ನುವ ಮಾತಿತ್ತು. ನಾಲ್ಕು ವರ್ಷದಲ್ಲಿ ಆ ಮಾತನ್ನು ಎಷ್ಟು ಸಲ ಕಳಿಸಿದ್ದೇನೋ. ಅಮ್ಮನ ಬೆನ್ನಿಗೆ ಹುಣ್ಣಾಗದ ಹಾಗೆ ತಂಗಿ ದಿನಕ್ಕೆ ಆರು ಸಲ ಮಗ್ಗುಲು ಬದಲಿಸುತ್ತಾಳೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಅವಳ ಸೊಂಟದ ಬಗ್ಗೆ ಒಂದು ಮಾತು ಕೇಳಿದ ನೆನಪಿಲ್ಲ. ಹೊಗಳಿದರೆ ಕೇಳಿದ ಹಾಗೆ ಆಯಿತು ಅಂತ ನಾನು ಅಂದುಕೊಂಡಿದ್ದೆ. ದೂರದಲ್ಲಿ ಇರುವವರಿಗೆ ಹೊಗಳುವುದು ಸುಲಭ, ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತದೆ. ಆ ಬೆಟ್ಟಕ್ಕೆ ಮನಸ್ಸಿನಲ್ಲೇ ನಾನು ಹಾಕಿದ್ದ ರಸ್ತೆ ನೆನಪಾಯಿತು. ರಸ್ತೆ ಇಲ್ಲದ್ದಕ್ಕೇ ಚೆಂದ ಅಂತ ಮಾಳಿಗೆಯಲ್ಲಿ ಕೂತು ಖುಷಿಪಟ್ಟವಳೂ ನಾನೇ.

ಅಕ್ಕನ ಹತ್ತಿರ ಒಂದು ಮಾತು ಆಡುತ್ತೀರಾ ಅಂತ ಕೇಳಿದೆ. ಮುದುಕಿ ಕಾಗದಗಳನ್ನು ಡಬ್ಬಕ್ಕೆ ತುಂಬಿ ಮುಚ್ಚಿದರು. ಬ್ಯಾಗಿನಿಂದ ಜಾಮ್ ತೆಗೆದು ಮುಂದಿಟ್ಟೆ, ಅದನ್ನು ಮಾತ್ರ ಇಟ್ಟುಕೊಂಡರು.

ಹೊರಡುವ ಬೆಳಿಗ್ಗೆ ನಾವು ದೋಣಿ ಕಟ್ಟೆಯಲ್ಲಿ ನಿಂತಿದ್ದಾಗ ಅವರು ಮೆಟ್ಟಿಲಿಳಿದು ಬರುವುದು ಕಂಡಿತು. ಒಂದೊಂದೇ ಮೆಟ್ಟಿಲು, ಪಕ್ಕಕ್ಕೆ ತಿರುಗಿ. ಒಂದು ಕೈಯಲ್ಲಿ ಬಟ್ಟೆಯ ಗಂಟಿತ್ತು, ಇನ್ನೊಂದು ಮುಷ್ಟಿ ಕಟ್ಟಿತ್ತು. ನನ್ನ ಮುಂದೆ ಬಂದು ಮುಷ್ಟಿ ಬಿಚ್ಚಿ ಚಾಚಿದರು. ಅಂಗೈ ತುಂಬಾ ದಪ್ಪ ಹರಳಿನ ಉಪ್ಪು. ನನ್ನ ಕೈ ಅಭ್ಯಾಸದಂತೆ ಹಿಂದೆ ಹೋಯಿತು. ಬರೀ ಹಿಂದೆ ಹೋಗಿದ್ದರೂ ಆಗುತ್ತಿತ್ತೇನೋ, ನಮ್ಮ ಬೇಲಿಯ ಹತ್ತಿರ ಮಾಡುವ ಹಾಗೆ ಪಕ್ಕದ ಕಲ್ಲುಕಟ್ಟೆಯನ್ನು ತೋರಿಸಿ, ಅಲ್ಲಿಡಿ ಅಂತ ಸನ್ನೆ ಬೇರೆ ಮಾಡಿಬಿಟ್ಟೆ.

ಅವರ ಮುಖ ಕಪ್ಪಿಟ್ಟಿತು. ಮುಷ್ಟಿ ಮುಚ್ಚಿತು. ಏನೋ ಒಂದು ಮಾತು ಅಂದು, ಕಟ್ಟೆಯ ಅಂಚಿಗೆ ಹೋಗಿ ಉಪ್ಪನ್ನು ನೀರಿಗೆ ಎಸೆಯಲು ಕೈ ಎತ್ತಿದರು. ನಾನು ಓಡಿಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ. ಹಿರಿಯರ ಕೈ ಹಾಗೆ ಹಿಡಿಯಬಾರದು, ಆದರೆ ಬೇರೆ ದಾರಿ ಇರಲಿಲ್ಲ. "ಅಕ್ಕನಿಗೆ ನನ್ನ ಉಪ್ಪೂ ಬೇಡವಾ ಅಂತಿದ್ದಾರೆ" ಅಂತ ನಮ್ಮನ್ನು ಕಳಿಸಲು ಬಂದಿದ್ದ ರೂಮಿನ ಹೆಂಗಸು ಹಿಂದಿನಿಂದ ಹೇಳಿದಳು.

ಮಣಿಕಟ್ಟು ಬಿಡದೆ ಎಲ್ಲ ಹೇಳಿದೆ. ನಮ್ಮಮ್ಮ, ತಟ್ಟೆಯ ಅಂಚು, ಬೇಲಿಯ ಕಂಬ, ಆಂಟಿ ಹದಿನಾಲ್ಕು ವರ್ಷ ಎರಡು ಹೆಜ್ಜೆ ಹಿಂದೆ ಸರಿದು ನಿಂತದ್ದು. ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತೆ, ನಿಮ್ಮಿಬ್ಬರ ನಡುವೆ ನಾನು ಬಂದು ಇನ್ನೊಂದು ಜಗಳ ತಂದಿಡಬಾರದಲ್ಲ ಅಂದೆ. ಅಳುವೂ ಬಂದುಬಿಟ್ಟಿತ್ತು. ಮುದುಕಿ ಪೂರ್ತಿ ಕೇಳಿಸಿಕೊಂಡರು. ನಕ್ಕರು. ನಮ್ಮ ಆಂಟಿ ಬೇಲಿಯ ಹತ್ತಿರ ನಕ್ಕಿದ್ದರಲ್ಲ, ಅದೇ ನಗು.

"ಜಗಳ ಆಗಿ ಐವತ್ತು ವರ್ಷ ಆಯ್ತು" ಅಂದರು. "ಇನ್ನು ಹೊಸದಾಗಿ ಯಾವುದು ಬರಬೇಕು?"

ನಾನು ಹೆಗಲ ಮೇಲಿನ ದುಪಟ್ಟಾದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಒಡ್ಡಿದೆ, ನಮ್ಮ ಕಡೆ ತವರಿನಿಂದ ಹೊರಡುವಾಗ ಮಡಿಲಕ್ಕಿಗೆ ಸೆರಗು ಒಡ್ಡುವ ಹಾಗೆ. ಅದರ ಅರ್ಥ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉಪ್ಪು ಸುರಿದರು, ಗಂಟು ಬಿಚ್ಚಿ ಅಕ್ರೋಟನ್ನೂ ಬೆಟ್ಟದ ಸೊಪ್ಪಿನ ಕಟ್ಟನ್ನೂ ಹಾಕಿದರು. ದೋಣಿ ಬಂದು ನಿಂತಿತ್ತು. ನಾನು ಹತ್ತುವಾಗ ಇನ್ನೊಂದು ಮಾತು ಹೇಳಿಕಳಿಸಿದರು. ಅವಳ ಕೈಗೇ ಹಾಕು, ಕಂಬದ ಮೇಲೆ ಇಡಬೇಡ.

ವಾಪಸ್ಸು ಬಂದಾಗ ಏರ್‌ಪೋರ್ಟಿನಲ್ಲಿ ಎಲ್ಲ ಡಿಕ್ಲೇರ್ ಮಾಡಿದೆ. ಸಿಪ್ಪೆಯ ಅಕ್ರೋಟು, ಸೊಪ್ಪು ಎರಡೂ ತೊಟ್ಟಿಗೆ ಹೋದವು. ಹೊರಗಿನ ಕಾಯಿ, ಸೊಪ್ಪು ಇಲ್ಲಿ ಒಳಗೆ ಬಿಡುವುದಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು. ದುಪಟ್ಟಾದಿಂದ ತೆಗೆದು ಕಟ್ಟಿಕೊಂಡಿದ್ದ ಉಪ್ಪಿನ ಪೊಟ್ಟಣವನ್ನು ಅಲ್ಲಿನ ಹುಡುಗಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಬರೀ ಉಪ್ಪು ತಾನೇ ಅಂತ ಕೇಳಿ ಕೊಟ್ಟಳು.

ಮನೆಗೆ ಬಂದು ಬ್ಯಾಗು ಬಿಚ್ಚುವ ಮುಂಚೆಯೇ ಆಂಟಿಯ ಮನೆಗೆ ಹೋದೆ. ಹಾಲಿನ ತುಂಬಾ ರಟ್ಟಿನ ಪೆಟ್ಟಿಗೆಗಳು. ಮುಂದಿನ ಸೋಮವಾರ ಹೊರಡಬೇಕಿತ್ತು. ನನ್ನ ಹೆಜ್ಜೆ ಸದ್ದು ಗುರುತಿಸಿ, ಏನಂದಳು ಅಂತ ಕೇಳಿದರು. ಕೈ ಕೊಡಿ ಆಂಟಿ ಅಂದೆ. ಅವರ ಅಂಗೈ ಹಿಡಿದು, ಪೊಟ್ಟಣದಿಂದ ಒಂದು ಹಿಡಿ ತೆಗೆದು, ನನ್ನ ಕೈಯಿಂದ ಅವರ ಕೈಗೆ ಹಾಕಿದೆ. ಆಂಟಿ ಬೆರಳಿನಿಂದ ಹರಳು ಮುಟ್ಟಿ ನೋಡಿದರು. ಒಂದನ್ನು ನಾಲಿಗೆಗೆ ಇಟ್ಟುಕೊಂಡರು.

"ಸರಿಯಾಗಿ ಒಣಗಿಸಿಲ್ಲ" ಅಂದರು. "ಅವಳಿಗೆ ಯಾವತ್ತೂ ಆತುರ." ಆಮೇಲೆ ಆ ಮುಷ್ಟಿಯನ್ನು ಹಣೆಗೆ ಒತ್ತಿಕೊಂಡು ಅತ್ತರು.

ಸುಳ್ಳು ಹೇಳಬೇಡ ಅಂದಿದ್ದರಲ್ಲ, ಎಲ್ಲ ಹೇಳಿದೆ. ಬಿಸ್ಕತ್ತಿನ ಡಬ್ಬ, ಶಾಂತಿ ಅಂತ ಬರೆದ ಸಾಲು, ಮೆಟ್ಟಿಲು, ಬೆನ್ನ ಮೇಲಿನ ಅಮ್ಮ, ಮೊಣಕಾಲು. ನಿಮ್ಮ ಜೊತೆ ಮಾತಾಡ್ತಾರೋ ಇಲ್ಲವೋ ಗೊತ್ತಿಲ್ಲ ಆಂಟಿ, ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ಕೈಗೇ ಹಾಕು ಅಂತ ಮಾತ್ರ ಅಂದ್ರು ಅಂದೆ. ಹೊರಗೆ ಸಂಜೆ ಆರಾಗಿತ್ತು, ಅಲ್ಲಿ ಬೆಳಿಗ್ಗೆ ಒಂಬತ್ತು. ರೂಮಿನ ಹೆಂಗಸಿಗೆ ಫೋನ್ ಮಾಡು ಅಂದರು ಆಂಟಿ. ಅವಳು ಫೋನ್ ಹಿಡಿದುಕೊಂಡು ಆ ಎಂಬತ್ತು ಮೆಟ್ಟಿಲು ಹತ್ತುವುದು ನಮಗೆ ಕೇಳಿಸುತ್ತಿತ್ತು. ಆಮೇಲೆ ಒಂದು ಉಸಿರು. ಈ ಸಲ ಫೋನ್ ಇಡಲಿಲ್ಲ.

ಆಂಟಿ ಅವರ ಭಾಷೆಯಲ್ಲಿ ಸಣ್ಣದೊಂದು ಪ್ರಶ್ನೆ ಕೇಳಿದರು. ಆ ಭಾಷೆಯ ಒಂದು ಅಕ್ಷರವೂ ನನಗೆ ಬರಲ್ಲ. ಆದರೆ ಕೇಳುವಾಗ ಅವರ ಕೈ ಅವರ ಮೊಣಕಾಲಿನ ಮೇಲೆ ಇತ್ತು. ಆ ಕಡೆಯಿಂದ ಉತ್ತರ ಶುರುವಾಯಿತು, ನಿಲ್ಲಲೇ ಇಲ್ಲ.

ನಾನು ಎದ್ದು ಬೇಲಿಯ ಹತ್ತಿರ ಬಂದು ನಿಂತೆ. ಮೈಸೂರಿನಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ, ತಂಗಿ ಅಮ್ಮನಿಗೆ ಮೈ ಒರೆಸಿ ಮುಗಿಸುವ ಹೊತ್ತು. ಫೋನ್ ಮಾಡಿದೆ. "ಹೇಳಕ್ಕ, ಅಮ್ಮನಿಗೆ ಕೊಡಲಾ?" ಅಂದಳು, ಯಾವಾಗಿನ ಹಾಗೆ.

"ಬೇಡ" ಅಂದೆ. "ನಿನ್ನ ಸೊಂಟ ಹೇಗಿದೆ?"

ಅವಳು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.